ಕರುಳು ಕತ್ತರಿಸಿದ ಮೇಲೆ ಮತ್ತೆ ಬೆಳೆಯುತ್ತದಾ? ಡಾಕ್ಟರು ಹೇಳಿದ ಹಾರ್ಮೋನ್ ಯಾವುದು?

ಸಿಂಧನೂರಿನ ಅಳಿಯ
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನಿಗೆ ಕರುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕರುಳು ಕಪ್ಪಾಗಿತ್ತು. ರಾತ್ರೋರಾತ್ರಿ ಆಪರೇಷನ್ ಆಯಿತು. ಸಣ್ಣ ಕರುಳಿನ ಬಹುಪಾಲು ತೆಗೆದರು. ಉಳಿದಿರುವುದು ಒಂದು ಮೀಟರ್ ಆಸುಪಾಸು. ಅದನ್ನು ದೊಡ್ಡ ಕರುಳಿಗೆ ಜೋಡಿಸಿದ್ದಾರೆ.

ಮನೆಗೆ ಕಳಿಸುವಾಗ ಡಾಕ್ಟರು "ಉಳಿದ ಕರುಳು ನಿಧಾನಕ್ಕೆ ಬೆಳೆದು ಹೊಂದಿಕೊಳ್ಳುತ್ತದೆ, ಅದಕ್ಕೆ ಹಾರ್ಮೋನ್ ಇದೆ" ಅಂದರು. ಅಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದರು, ನಾವು ಹೊರಗೆ ಬಂದೆವು.

ಈಗ ಅತ್ತೆ ಊಟ ಹಾಕುವುದಕ್ಕೇ ಹೆದರುತ್ತಾರೆ. ತಿಂದ ಸ್ವಲ್ಪ ಹೊತ್ತಿಗೆ ಮಾವ ಓಡಬೇಕು. ಹಾಗಾಗಿ ಗಂಜಿತಿಳಿ, ಎಳನೀರು, ಅಷ್ಟೇ. ಕರುಳಿಗೆ ರೆಸ್ಟ್ ಕೊಟ್ಟರೆ ಬೇಗ ಬೆಳೆಯುತ್ತದೆ ಅಂತ ಪಕ್ಕದ ಮನೆಯವರ ಸಲಹೆ ಬೇರೆ. ನಿಜಾನಾ? ಬೆಳೆಯುತ್ತದೆ ಅಂದರೆ ಏನು ಬೆಳೆಯುತ್ತದೆ? ಆ ಹಾರ್ಮೋನ್ ಎಲ್ಲಿಂದ ಬರುತ್ತದೆ?

ಗಂಗಾವತಿ ಗದ್ದೆ
ಕತ್ತರಿಸಿದ್ದು ಹೋಯಿತು ತಮ್ಮ. ಬೆಳೆಯುವುದಿಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳಿರುತ್ತಾರೆ.

ಪಾಠದ ಮೇಷ್ಟ್ರು, ಬಳ್ಳಾರಿ
ಸಮಾಧಾನಕ್ಕಲ್ಲ ಗದ್ದೆಯವರೇ. ದೊಡ್ಡವರಲ್ಲಿ ಕರುಳಿನ ಉದ್ದ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ, ಅದು ಸರಿ. ಬೆಳೆಯುವುದು ಒಳಪದರ.

ಸಣ್ಣ ಕರುಳಿನ ಒಳಗೆ ತೀರಾ ಸಣ್ಣ ಬೆರಳಿನಂಥ ಎಳೆಗಳಿವೆ. ವಿಲ್ಲೈ ಅಂತ ಪಿಯುಸಿಯಲ್ಲಿ ಓದಿರುತ್ತೀರಿ. ಆಹಾರದ ಸಾರ ಹೀರುವುದು ಅವೇ. ಅವುಗಳ ಬುಡದಲ್ಲಿ ಕ್ರಿಪ್ಟ್ ಅನ್ನುವ ಕುಣಿಗಳು. ಕುಣಿಯ ತಳದಲ್ಲಿ ಕಾಂಡಕೋಶಗಳು ಸದಾ ಒಡೆಯುತ್ತಾ ಇರುತ್ತವೆ. ಹೊಸ ಕೋಶ ಮೇಲೇರುತ್ತದೆ, ತುದಿ ಮುಟ್ಟಿ ಉದುರುತ್ತದೆ. ಈ ಪದರ ಪೂರ್ತಿ ಬದಲಾಗುವುದಕ್ಕೆ 3ರಿಂದ 5 ದಿನ ಸಾಕು.

ಕರುಳು ಕಡಿಮೆಯಾದಾಗ ಕುಣಿಗಳು ಆಳವಾಗುತ್ತವೆ, ಎಳೆಗಳು ಎತ್ತರವಾಗುತ್ತವೆ, ಕೊಳವೆ ಸ್ವಲ್ಪ ಅಗಲವಾಗುತ್ತದೆ. ಅದೇ ಒಂದು ಮೀಟರಿನಲ್ಲಿ ಹೀರುವ ಜಾಗ ಜಾಸ್ತಿಯಾಗುತ್ತದೆ. ವಾರಗಟ್ಟಲೆಯ ಮಾತಲ್ಲ ಇದು, ಒಂದೆರಡು ವರ್ಷ ನಡೆಯುತ್ತದೆ.

ಕೊಪ್ಪಳದ ಕಾಕಾ
ಜೀವನಪೂರ್ತಿ ಔಷಧದ ಅಂಗಡಿ ನಡೆಸಿದವನು ನಾನು. ಹಾರ್ಮೋನ್ ಅಂದರೆ ಥೈರಾಯಿಡ್, ಇನ್ಸುಲಿನ್, ಹೆಣ್ಣುಮಕ್ಕಳ ಮಾತ್ರೆ. ಕರುಳಿಗೆ ಎಂಥ ಹಾರ್ಮೋನ್ರೀ? ಅದು ಗ್ರಂಥಿಯಾ?

ಪಿಜಿ ಹುಡುಗಿ
ಕಾಕಾ, ಮೊಟ್ಟಮೊದಲು ಸಿಕ್ಕ ಹಾರ್ಮೋನೇ ಕರುಳಿನದು. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಸೆಕ್ರೆಟಿನ್ ಕಂಡುಹಿಡಿದರು. ನರಗಳನ್ನು ಕತ್ತರಿಸಿದ ಕರುಳಿಗೆ ಆಮ್ಲ ಹಾಕಿದರೂ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಸುದ್ದಿ ರಕ್ತದಲ್ಲಿ ಹೋಗುತ್ತಿದೆ ಅಂತ ಆಗ ಗೊತ್ತಾಯಿತು. ಹಾರ್ಮೋನ್ ಅನ್ನುವ ಹೆಸರನ್ನು ಸ್ಟಾರ್ಲಿಂಗ್ ಬಳಸಿದ್ದು 1905ರಲ್ಲಿ. ಇನ್ಸುಲಿನ್ ಆಮೇಲಿನದು.

ಕರುಳಿಗೆ ಥೈರಾಯಿಡ್ ತರಹ ಬೇರೆ ಗ್ರಂಥಿ ಇಲ್ಲ, ಅದು ಸರಿ. ಹಾರ್ಮೋನ್ ಕೋಶಗಳು ಒಳಪದರದಲ್ಲೇ ಅಲ್ಲೊಂದು ಇಲ್ಲೊಂದು ಚದುರಿಕೊಂಡಿವೆ.

ಕೊಪ್ಪಳದ ಕಾಕಾ
ಸೆಕ್ರೆಟಿನ್ ರಸ ಸುರಿಸುತ್ತದೆ, ಆಯಿತು. ಬೆಳೆಸುತ್ತದೆ ಅಂತ ಎಲ್ಲಿದೆ?

ಪಿಜಿ ಹುಡುಗಿ
ಬೆಳೆಸುವುದು ಇನ್ನೊಂದು. ಅದರ ಮೊದಲ ಸುಳಿವು 1971ರಲ್ಲಿ ಸಿಕ್ಕಿತು. ಲಂಡನ್ನಿನ ಡಾಕ್ಟರುಗಳು ಒಬ್ಬ ರೋಗಿಯ ವಿಷಯ ಬರೆದರು. ಕಿಡ್ನಿಯಲ್ಲಿ ಹಾರ್ಮೋನ್ ಸುರಿಸುವ ಗಡ್ಡೆ, ಆದರೆ ತೊಂದರೆ ಕಂಡಿದ್ದು ಕರುಳಿನಲ್ಲಿ. ಎಳೆಗಳು ವಿಪರೀತ ದೊಡ್ಡದಾಗಿದ್ದವು. ಗಡ್ಡೆ ತೆಗೆದ ಮೇಲೆ ಕರುಳು ಮಾಮೂಲಿಗೆ ಬಂತು. ಗಡ್ಡೆಯಿಂದ ಬರುತ್ತಿದ್ದದ್ದು ಗ್ಲುಕಗಾನ್ (ರಕ್ತದ ಸಕ್ಕರೆ ಏರಿಸುವ ಹಾರ್ಮೋನ್) ಜಾತಿಯದು ಅಂತ ಗೊತ್ತಾಯಿತು, ನಿಖರವಾಗಿ ಯಾವುದು ಅಂತ ಗೊತ್ತಾಗಲಿಲ್ಲ.

ಅದು 1996ರಲ್ಲಿ ಬಗೆಹರಿಯಿತು. ಟೊರಾಂಟೊದಲ್ಲಿ ಡೇನಿಯಲ್ ಡ್ರಕರ್ ತಂಡ ಅಂಥ ಗಡ್ಡೆ ಇದ್ದ ಇಲಿಗಳನ್ನು ನೋಡಿತು. ಅವುಗಳ ಸಣ್ಣ ಕರುಳೂ ದಪ್ಪ. ಪ್ರೋಗ್ಲುಕಗಾನ್‌ನಿಂದ ಅಂದರೆ ಗ್ಲುಕಗಾನಿನ ಮೂಲ ಪ್ರೋಟೀನಿನಿಂದ ಬರುವ ತುಣುಕುಗಳನ್ನು ಬೇರೆಬೇರೆಯಾಗಿ ಚುಚ್ಚಿ ನೋಡಿದರು. ಕರುಳನ್ನು ಜೋರಾಗಿ ಬೆಳೆಸಿದ್ದು ಜಿಎಲ್‌ಪಿ-2. 33 ಅಮೈನೋ ಆಮ್ಲಗಳ ಸಣ್ಣ ಸರ.

ಒಗ್ಗರಣೆ ಮಿರ್ಚಿ
ತಡೀರಿ ತಡೀರಿ. ಜಿಎಲ್‌ಪಿ ಅಂದರೆ ಈಗ ಎಲ್ಲರೂ ತೂಕ ಇಳಿಸೋಕೆ ಚುಚ್ಚಿಕೊಳ್ಳುತ್ತಾರಲ್ಲ, ಅದೇ ತಾನೇ? ಮೊದಲೇ ಬಡಕಲಾದ ಮಾವನಿಗೆ ಅದನ್ನು ಕೊಟ್ಟರೆ ಕಥೆ ಮುಗಿಯಿತು!

ಪಿಜಿ ಹುಡುಗಿ
ಅದು ಜಿಎಲ್‌ಪಿ-1. ಇದು 2. ದಯವಿಟ್ಟು ಯಾರೂ ಬೆರೆಸಬೇಡಿ, ಔಷಧದ ಅಂಗಡಿಯಲ್ಲೂ ಈ ಗೊಂದಲ ಕೇಳಿದ್ದೇನೆ.

ಎರಡೂ ಒಂದೇ ಪ್ರೋಟೀನಿನಿಂದ ಹುಟ್ಟುತ್ತವೆ, ಅದೇ ಪ್ರೋಗ್ಲುಕಗಾನ್. ಮೇದೋಜೀರಕದಲ್ಲಿ ಅದನ್ನು ಒಂದು ಕಡೆ ಕತ್ತರಿಸಿದರೆ ಗ್ಲುಕಗಾನ್. ಕರುಳಿನ ಎಲ್-ಕೋಶ ಅನ್ನುವ ಹಾರ್ಮೋನ್ ಕೋಶಗಳಲ್ಲಿ ಬೇರೆ ಕಡೆ ಕತ್ತರಿಸಿದರೆ ಜಿಎಲ್‌ಪಿ-1, ಜಿಎಲ್‌ಪಿ-2. ಊಟ ಆದಾಗ ಎರಡೂ ಒಟ್ಟಿಗೇ ಹೊರಗೆ ಬರುತ್ತವೆ. ಆದರೆ ಹೋಗಿ ಕೂರುವ ರಿಸೆಪ್ಟರ್ ಬೇರೆಬೇರೆ. 1ರದ್ದು ಇನ್ಸುಲಿನ್ ಮಾಡುವ ಕೋಶಗಳಲ್ಲಿ, ಮೆದುಳಿನಲ್ಲಿ ಎಲ್ಲಾ ಇದೆ. ಅದಕ್ಕೇ ಶುಗರ್ ಇಳಿಯುತ್ತದೆ, ಹಸಿವು ಸಾಯುತ್ತದೆ. 2ರದ್ದು ಹೆಚ್ಚಾಗಿ ಕರುಳಿನಲ್ಲೇ.

ಒಗ್ಗರಣೆ ಮಿರ್ಚಿ
ಒಂದೇ ತಾಯಿ ಹೊಟ್ಟೆಯ ಅಣ್ಣತಮ್ಮಂದಿರು, ಆಸ್ತಿ ಮಾತ್ರ ಬೇರೆ ಅನ್ನಿ 😄 ನಮ್ಮ ಮನೆಯ ಹಾಗೇ.

ಹಗರಿ ದಂಡೆ
ನನಗೆ ಈ ರಿಸೆಪ್ಟರ್ ಅನ್ನೋದೇ ತಲೆಗೆ ಹೋಗಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಪಾಠದ ಮೇಷ್ಟ್ರು, ಬಳ್ಳಾರಿ
ಹಾರ್ಮೋನ್ ರಕ್ತದಲ್ಲಿ ಎಲ್ಲಾ ಕಡೆ ಸುತ್ತುತ್ತದೆ. ಆದರೆ ಯಾವ ಕೋಶದ ಹೊರಗೋಡೆಯಲ್ಲಿ ಅದನ್ನು ಹಿಡಿಯುವ ಪ್ರೋಟೀನ್ ಇದೆಯೋ ಆ ಕೋಶಕ್ಕೆ ಮಾತ್ರ ಸುದ್ದಿ ಮುಟ್ಟುತ್ತದೆ. ಆ ಪ್ರೋಟೀನೇ ರಿಸೆಪ್ಟರ್. ಜಿಎಲ್‌ಪಿ-2ರ ರಿಸೆಪ್ಟರ್ ಕೋಶದ ಗೋಡೆಯನ್ನು 7 ಸಲ ದಾಟಿ ಹೊಲಿದುಕೊಂಡಿರುತ್ತದೆ. ಹೊರಗೆ ಹಾರ್ಮೋನ್ ಕೂತರೆ ಒಳಗಿನ ತುದಿ ಸ್ವಲ್ಪ ಅಲುಗುತ್ತದೆ. ಅಲ್ಲಿ ಕಾಯುತ್ತಿರುವ ಜಿ-ಪ್ರೋಟೀನ್ ಎಚ್ಚರವಾಗುತ್ತದೆ. ಸೈಕ್ಲಿಕ್ ಎಎಂಪಿ ಅನ್ನುವ ಸಣ್ಣ ಅಣು ರಾಶಿರಾಶಿ ತಯಾರಾಗುತ್ತದೆ. ಅಲ್ಲಿಂದ ಕೋಶದ ಕೆಲಸ ಬದಲಾಗುತ್ತದೆ. ಹಾರ್ಮೋನ್ ಒಳಗೆ ಕಾಲಿಡುವುದೇ ಬೇಕಿಲ್ಲ. ಈ ಜಾತಿಯ ರಿಸೆಪ್ಟರ್‌ಗಳ ಕೆಲಸಕ್ಕೇ 2012ರಲ್ಲಿ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾ ಅವರಿಗೆ ನೊಬೆಲ್ ಬಂತು, ಅದೂ ರಸಾಯನಶಾಸ್ತ್ರದಲ್ಲಿ.

ಈ ಹಾರ್ಮೋನಿನ ರಿಸೆಪ್ಟರ್ ಸಿಕ್ಕಿದ್ದು 1999ರಲ್ಲಿ. ಆಮೇಲೆ ಶುರುವಾಯಿತು ತಮಾಷೆ. ಕುಣಿಯಲ್ಲಿ ಒಡೆಯುವ ಕೋಶಗಳಲ್ಲೇ ಅದು ಇರುತ್ತದೆ ಅಂತ ಎಲ್ಲರ ಅಂದಾಜು ಇತ್ತು. ಹುಡುಕಿದರೆ ಅಲ್ಲಿ ಸಿಗಲೇ ಇಲ್ಲ.

ಕೊಪ್ಪಳದ ಕಾಕಾ
ನೋಡಿ! ನಾನು ಹೇಳಿದ್ದೇ ಬಂತಲ್ಲ. ಬೆಳೆಯುವ ಕೋಶಕ್ಕೆ ರಿಸೆಪ್ಟರೇ ಇಲ್ಲ ಅಂದ ಮೇಲೆ ಹಾರ್ಮೋನ್ ಬೆಳೆಸುವುದು ಹೇಗೆ? ಇಲಿಗೆ ಚುಚ್ಚಿ ಏನೋ ನೋಡಿದರು, ಅಷ್ಟೇ.

ಕಾಲುವೆ ಕೊನೆ ರೈತ
ಕಾಕಾ, ನಮ್ಮ ಎಡದಂಡೆ ಕಾಲುವೆಗೆ ನೀರು ಬಿಡುವ ಆರ್ಡರ್ ಬರುವುದು ನೀರಗಂಟಿಗೆ. ಭತ್ತಕ್ಕೆ ಬರುತ್ತದಾ? ಆದರೂ ಬೆಳೆಯುವುದು ಭತ್ತವೇ ಅಲ್ವಾ.

ಪಿಜಿ ಹುಡುಗಿ
ರೈತಣ್ಣ 👏 ನಮ್ಮ ಪ್ರೊಫೆಸರ್ ಸ್ಲೈಡ್ ಹಾಕಿಕೊಂಡು ಇಡೀ ಕ್ಲಾಸು ಹೇಳಿದ್ದು ಇದನ್ನೇ.

ರಿಸೆಪ್ಟರ್ ಸಿಕ್ಕಿದ್ದು ಮೂರು ಕಡೆ. ಕರುಳಿನ ಗೋಡೆಯೊಳಗಿನ ನರಕೋಶಗಳಲ್ಲಿ, ಒಳಪದರದ ಕೆಳಗೆ ಹಾಸಿಕೊಂಡಿರುವ ಮಯೋಫೈಬ್ರೊಬ್ಲಾಸ್ಟ್ ಕೋಶಗಳಲ್ಲಿ, ಮತ್ತೆ ಕೆಲವು ಹಾರ್ಮೋನ್ ಕೋಶಗಳಲ್ಲಿ. ಹಾರ್ಮೋನ್ ಇವುಗಳಿಗೆ ಹೇಳುತ್ತದೆ. ಇವು ಐಜಿಎಫ್-1, ಕೆಜಿಎಫ್ ತರಹದ ಬೆಳವಣಿಗೆ ಅಂಶಗಳನ್ನು ಪಕ್ಕದಲ್ಲೇ ಸುರಿಯುತ್ತವೆ. ಕುಣಿಯ ಕೋಶಗಳಲ್ಲಿ ಇರುವುದು ಆ ಅಂಶಗಳ ರಿಸೆಪ್ಟರ್. ಅದಕ್ಕೆ ಅವು ಒಡೆಯುತ್ತವೆ.

ಕಾಕಾ ಕೇಳುವ ಪುರಾವೆಯೂ ಇದೆ. ಟೊರಾಂಟೊದಲ್ಲೇ ಪೆಟ್ರಿಷಿಯಾ ಬ್ರುಬೇಕರ್ ತಂಡ 2006ರಲ್ಲಿ ಐಜಿಎಫ್-1 ಇಲ್ಲದ ಇಲಿಗಳಿಗೆ ಜಿಎಲ್‌ಪಿ-2 ಕೊಟ್ಟು ನೋಡಿತು. ಮಾಮೂಲಿ ಇಲಿಗಳ ಹಾಗೆ ಕರುಳು ಬೆಳೆಯಲಿಲ್ಲ. ಹಾರ್ಮೋನ್ ಇತ್ತು, ರಿಸೆಪ್ಟರ್ ಇತ್ತು, ನಡುವಿನ ಆಸಾಮಿ ಇರಲಿಲ್ಲ.

ಕೊಪ್ಪಳದ ಕಾಕಾ
ಇಲಿ ಇಲಿ ಇಲಿ. ಮನುಷ್ಯರ ಮೇಲೆ ಏನಾದರೂ ಇದ್ದರೆ ಹೇಳಮ್ಮ.

ಪಿಜಿ ಹುಡುಗಿ
ಇದೆ. ಊಟ ಮಾಡಿ ಬರುತ್ತೇನೆ, ಹಾಸ್ಟೆಲ್ ಮೆಸ್ ಮುಚ್ಚುತ್ತಾರೆ.

ಒಗ್ಗರಣೆ ಮಿರ್ಚಿ
ಮೆಸ್‌ನಲ್ಲಿ ಏನು ಇವತ್ತು? ಇಲ್ಲಿ ರಾಯಚೂರಲ್ಲಿ ಕರೆಂಟ್ ಇಲ್ಲ, ಬಿಸಿಲಿಗೆ ಬೆಂದು ಹೋಗಿದ್ದೇವೆ. ಕರೆಂಟ್ ಮಾಡಿ ಊರಿಗೆಲ್ಲ ಕಳಿಸುವವರು ನಾವೇ, ಕತ್ತಲಲ್ಲಿ ಕೂರುವವರೂ ನಾವೇ.

ಗಂಗಾವತಿ ಗದ್ದೆ
ವಿಷಯಕ್ಕೆ ಬನ್ನಿ ಮಿರ್ಚಿ ಅವರೇ.

ರಾಯಚೂರು ಸಿಸ್ಟರ್
ಅಳಿಯ ಅವರಿಗೆ ನೇರವಾಗಿ ಬರೆಯುತ್ತಿದ್ದೇನೆ. ಸರ್ಜರಿ ವಾರ್ಡಿನಲ್ಲಿ ಕೆಲಸ ಮಾಡಿದವಳು.

ಮೊದಲು ಅತ್ತೆಯವರ ಹೆದರಿಕೆ ಬಿಡಿಸಿ. ಕರುಳಿಗೆ ರೆಸ್ಟ್ ಕೊಟ್ಟರೆ ಬೆಳೆಯುತ್ತದೆ ಅನ್ನುವುದು ಪೂರಾ ಉಲ್ಟಾ. ಬಾಯಿಗೆ ಏನೂ ಕೊಡದೆ ಬರೀ ರಕ್ತನಾಳದಲ್ಲಿ ಪೋಷಣೆ ಕೊಟ್ಟರೆ ಕರುಳಿನ ಒಳಪದರ ತೆಳ್ಳಗಾಗುತ್ತದೆ. ದೇಹಕ್ಕೆ ಕ್ಯಾಲೊರಿ ಸಾಕಷ್ಟು ಸಿಕ್ಕರೂ ಕರುಳಿನೊಳಗೆ ಆಹಾರ ಬರದಿದ್ದರೆ ಹಾಗಾಗುತ್ತದೆ. ಮೇಲೆ ಆ ಹುಡುಗಿ ಹೇಳಿದಳಲ್ಲ, ಎಲ್-ಕೋಶ ಹಾರ್ಮೋನ್ ಬಿಡುವುದು ಊಟ ತಾಗಿದಾಗ. ಕೊಬ್ಬು, ಪಿಷ್ಟ ಬಂದರೆ ಜಾಸ್ತಿ ಬಿಡುತ್ತದೆ. ಗಂಜಿತಿಳಿಯಲ್ಲಿ ಏನಿದೆ? ಉಪವಾಸ ಹಾಕಿ ಬೆಳೆ ಅಂದರೆ ಯಾವ ಕರುಳೂ ಬೆಳೆಯುವುದಿಲ್ಲ.

ತಿಂದಿದ್ದನ್ನೆಲ್ಲ ಇವರು ಹೀರಲಾರರು, ಅದಕ್ಕೇ ಮೊದಲಿಗಿಂತ ಜಾಸ್ತಿ ತಿನ್ನಬೇಕು. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ. ಮೆತ್ತಗೆ ಮಾಡಿದ ಅನ್ನ, ಮೊಟ್ಟೆ, ಬೇಳೆ, ಮೊಸರು ತಾಳಿದರೆ ಮೊಸರು. ಬೆಲ್ಲದ ಪಾನಕ, ಬಾಟಲಿ ಜ್ಯೂಸ್ ಬೇಡ, ಸಿಹಿನೀರು ಕರುಳಿನೊಳಗೆ ಇನ್ನಷ್ಟು ನೀರು ಎಳೆಯುತ್ತದೆ. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಇವರು ಕಳೆದುಕೊಳ್ಳುವುದು ಸೋಡಿಯಮ್ಮೇ. ಒಆರ್‌ಎಸ್ ಕುಡಿಸಿ.

ಇನ್ನೊಂದು. ತೆಗೆದ ಭಾಗದಲ್ಲಿ ಸಣ್ಣ ಕರುಳಿನ ಕೊನೆ ತುದಿ ಸೇರಿತ್ತಾ ಅಂತ ಕೇಳಿ. ಬಿ12 ಹೀರುವುದು ಅಲ್ಲೇ. ಅದು ಹೋಗಿದ್ದರೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರಾ ನೋಡಿ.

ಸಿಂಧನೂರಿನ ಅಳಿಯ
ಸಿಸ್ಟರ್, ತುಂಬಾ ಉಪಕಾರ ಆಯಿತು. ಕೊನೆ ತುದಿ ಹೋಗಿದೆ ಅಂತಲೇ ಚೀಟಿಯಲ್ಲಿ ಇದೆ. ಬಿ12 ಬಗ್ಗೆ ಯಾರೂ ಹೇಳಿಲ್ಲ. ಹಾಗಾದರೆ ಹಾರ್ಮೋನ್ ಮಾಡುವ ಕೋಶಗಳೂ ಹೋದವಾ?

ಪಾಠದ ಮೇಷ್ಟ್ರು, ಬಳ್ಳಾರಿ
ಒಳ್ಳೆ ಪ್ರಶ್ನೆ. ಎಲ್-ಕೋಶಗಳು ಜಾಸ್ತಿ ಇರುವುದು ಸಣ್ಣ ಕರುಳಿನ ಕೊನೆ ಭಾಗದಲ್ಲಿ ಮತ್ತು ದೊಡ್ಡ ಕರುಳಿನಲ್ಲಿ. ನಿಮ್ಮ ಮಾವನಿಗೆ ಮೊದಲನೆಯದು ಹೋಗಿದೆ, ಎರಡನೆಯದು ಉಳಿದಿದೆ. ಡೆನ್ಮಾರ್ಕಿನಲ್ಲಿ ಯೆಪ್ಪೆಸೆನ್ ಅನ್ನುವವರು ಇದನ್ನೇ ಅಳೆದರು. ದೊಡ್ಡ ಕರುಳು ಉಳಿದವರಲ್ಲಿ ಜಿಎಲ್‌ಪಿ-2 ಜಾಸ್ತಿ ಇತ್ತು. ಎರಡೂ ಕಳೆದುಕೊಂಡವರಲ್ಲಿ ಊಟ ಆದಮೇಲೂ ಏರುತ್ತಿರಲಿಲ್ಲ. ಜೋಡಿಸಿ ಹೊಲಿದ ಸರ್ಜನ್ ದೊಡ್ಡ ಉಪಕಾರ ಮಾಡಿದ್ದಾರೆ.

ಮಾನ್ವಿ ಅಕ್ಕ
ಜೋಳದ ರೊಟ್ಟಿ ಕೊಡಿ. ನಾರಿನಂಶ ದೊಡ್ಡ ಕರುಳಿಗೆ ಒಳ್ಳೆಯದು. ನಮ್ಮ ಹಿರಿಯರು ರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ತಿಂದೇ ಗಟ್ಟಿಯಾಗಿದ್ದರು. ಯಾವ ಹಾರ್ಮೋನೂ ಬೇಕಿರಲಿಲ್ಲ.

ರಾಯಚೂರು ಸಿಸ್ಟರ್
ಅಕ್ಕಾ, ಅರ್ಧ ಸರಿ. ಹೀರದೆ ಉಳಿದ ಪಿಷ್ಟ, ಕರಗುವ ನಾರು ದೊಡ್ಡ ಕರುಳಿಗೆ ಹೋದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಸಣ್ಣ ಕೊಬ್ಬಿನಾಮ್ಲಗಳಾಗಿ ಒಡೆಯುತ್ತವೆ. ದೇಹ ಅದನ್ನು ಹೀರುತ್ತದೆ. ಹೀಗೆ ದಿನಕ್ಕೆ ಸಾವಿರ ಕ್ಯಾಲೊರಿ ವರೆಗೂ ಉಳಿಸಿಕೊಳ್ಳಬಹುದು. ಅದೇ ಆಮ್ಲಗಳು ಎಲ್-ಕೋಶದ ರಿಸೆಪ್ಟರ್‌ಗೂ ತಾಗುತ್ತವೆ. ಹಾಗಾಗಿ ರೊಟ್ಟಿ ತಪ್ಪಲ್ಲ, ಆದರೆ ಈಗಲೇ ಕಟಕ್ ರೊಟ್ಟಿ ಬೇಡ. ಹಾಲಲ್ಲೋ ಸಾರಲ್ಲೋ ನೆನೆಸಿ ಸ್ವಲ್ಪದಿಂದ ಶುರು ಮಾಡಲಿ.

ಸೊಪ್ಪು, ಶೇಂಗಾ ಮಾತ್ರ ಹುಷಾರು. ಕೊಬ್ಬು ಜೀರ್ಣವಾಗದೆ ಉಳಿದರೆ ಕ್ಯಾಲ್ಸಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ಆಗ ಸೊಪ್ಪು, ಶೇಂಗಾದಲ್ಲಿರುವ ಆಕ್ಸಲೇಟ್ ಬಿಡುವಾಗಿ ದೊಡ್ಡ ಕರುಳಿನಿಂದ ರಕ್ತಕ್ಕೆ ಹೋಗಿ ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ದೊಡ್ಡ ಕರುಳು ಉಳಿದವರಿಗೇ ಈ ತಲೆನೋವು. ಪಾಲಕ್ ಬೇಡವೇ ಬೇಡ. ಪುಂಡಿ, ಶೇಂಗಾ ಡಯೆಟಿಷಿಯನ್ ಕೇಳಿ ಕೊಡಿ.

ಮಾನ್ವಿ ಅಕ್ಕ
ಪುಂಡಿಪಲ್ಯ ಬೇಡ ಅಂದರೆ ನಮ್ಮ ಸೀಮೆಯ ಮನುಷ್ಯ ಬದುಕುವುದಾದರೂ ಯಾಕೆ 😭

ಪಿಜಿ ಹುಡುಗಿ
ಊಟ ಆಯಿತು. ಕಾಕಾ, ಮನುಷ್ಯರ ಲೆಕ್ಕ ತಗೊಳ್ಳಿ.

ಸಹಜ ಜಿಎಲ್‌ಪಿ-2 ರಕ್ತದಲ್ಲಿ ಹೆಚ್ಚು ಹೊತ್ತು ಬದುಕುವುದಿಲ್ಲ. ಸುಮಾರು 7 ನಿಮಿಷಕ್ಕೆ ಅರ್ಧ ಖಾಲಿ. ಡಿಪಿಪಿ-4 ಅನ್ನುವ ಕಿಣ್ವ ಅದರ ತಲೆಯ ಎರಡು ಅಮೈನೋ ಆಮ್ಲ ಕಡಿದುಹಾಕುತ್ತದೆ. ಹಾಗಾಗಿ ಎರಡನೇ ಜಾಗದ ಅಲನಿನ್ ತೆಗೆದು ಗ್ಲೈಸಿನ್ ಇಟ್ಟರು. ಕಿಣ್ವಕ್ಕೆ ಸುಲಭಕ್ಕೆ ಹಿಡಿತ ಸಿಗಲಿಲ್ಲ, ರಿಸೆಪ್ಟರ್ ಮಾತ್ರ ಒಪ್ಪಿಕೊಂಡಿತು. ಅದೇ ಟೆಡುಗ್ಲುಟೈಡ್. ದಿನಕ್ಕೊಂದು ಸಲ ಚರ್ಮದ ಕೆಳಗೆ ಚುಚ್ಚುವುದು.

ಯೆಪ್ಪೆಸೆನ್ ಮತ್ತಿತರರ ಪರೀಕ್ಷೆಯಲ್ಲಿ ಡ್ರಿಪ್ ಪೋಷಣೆಯ ಮೇಲೇ ಬದುಕಿದ್ದ 86 ಜನ. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಖಾಲಿ ಇಂಜೆಕ್ಷನ್. 24 ವಾರ. ಡ್ರಿಪ್ಪನ್ನು ಕನಿಷ್ಠ ಶೇ 20ರಷ್ಟು ಕಮ್ಮಿ ಮಾಡಲು ಆಗಿದ್ದು ಔಷಧದವರಲ್ಲಿ ಶೇ 63 ಜನಕ್ಕೆ, ಖಾಲಿಯವರಲ್ಲಿ ಶೇ 30 ಜನಕ್ಕೆ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಕೊಪ್ಪಳದ ಕಾಕಾ
ಖಾಲಿ ಇಂಜೆಕ್ಷನ್‌ಗೂ 30? ಅಂದರೆ ನಿಮ್ಮ ಔಷಧ ಇಲ್ಲದೆಯೂ ಮೂರರಲ್ಲಿ ಒಬ್ಬರಿಗೆ ಸುಧಾರಿಸಿತು.

ಪಾಠದ ಮೇಷ್ಟ್ರು, ಬಳ್ಳಾರಿ
ಕಾಕಾ ಹಿಡಿದಿದ್ದು ಸರಿಯಾದ ಜಾಗ. ಪರೀಕ್ಷೆಯಲ್ಲಿದ್ದಾಗ ಎಲ್ಲರನ್ನೂ ಹತ್ತಿರದಿಂದ ನೋಡಿಕೊಳ್ಳುತ್ತಾರೆ, ಡ್ರಿಪ್ ಕಡಿಮೆ ಮಾಡಿ ನೋಡುತ್ತಾರೆ. ಬರೀ ಆರೈಕೆಗೂ ಫಲ ಇದೆ. ಆದರೂ 63 ಮತ್ತು 30ರ ನಡುವಿನದು ಔಷಧದ್ದೇ.

ಹಗರಿ ದಂಡೆ
ರೇಟು?

ಪಿಜಿ ಹುಡುಗಿ
ಅಮೆರಿಕದಲ್ಲಿ ವರ್ಷಕ್ಕೆ ಕೋಟಿ ರೂಪಾಯಿ ದಾಟುತ್ತದೆ. ನಿಲ್ಲಿಸಿದರೆ ಬೆಳೆದದ್ದು ಮೆಲ್ಲಗೆ ಇಳಿಯಬಹುದು. ಬೆಳೆಸುವ ಔಷಧ ಆದ್ದರಿಂದ ಇನ್ನೊಂದು ಎಚ್ಚರಿಕೆ ಇದೆ. ದೊಡ್ಡ ಕರುಳಿನಲ್ಲಿ ಗುಳ್ಳೆಯಂಥ ಪಾಲಿಪ್ ಇದೆಯಾ ಅಂತ ಮೊದಲೇ ಕೊಲೊನೋಸ್ಕೋಪಿ ಮಾಡುತ್ತಾರೆ, ಆಮೇಲೂ ಮಾಡುತ್ತಾರೆ. ಕರುಳಿನ ಕ್ಯಾನ್ಸರ್ ಇರುವವರಿಗೆ ಕೊಡುವುದಿಲ್ಲ.

ಅಳಿಯ ಅವರೇ, ಮಾವನಿಗೆ ಡ್ರಿಪ್ ಪೋಷಣೆ ಬೇಕಾಗಿಲ್ಲ ಅಂದರೆ ಇದರ ಮಾತೇ ಬರುವುದಿಲ್ಲ. ಅವರ ಸ್ವಂತ ಹಾರ್ಮೋನ್ ಪುಕ್ಕಟೆ ಇದೆ, ಊಟ ಹಾಕಿ.

ಕೊಪ್ಪಳದ ಕಾಕಾ
ಹಾಗಾದರೆ ಒಂದು ಕೇಳುತ್ತೇನೆ. ಆ ಡಿಪಿಪಿ-4 ಕಿಣ್ವವನ್ನೇ ತಡೆಯುವ ಶುಗರ್ ಗುಳಿಗೆ ನಾನು ಡಬ್ಬಗಟ್ಟಲೆ ಮಾರಿದ್ದೇನೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್. ಅದನ್ನು ನುಂಗಿದರೆ ಜಿಎಲ್‌ಪಿ-2ಊ ಉಳಿಯಬೇಕಲ್ಲ? ಕೋಟಿ ಯಾಕೆ, ಹತ್ತು ರೂಪಾಯಿಯಲ್ಲಿ ಆಗುತ್ತದೆ.

ಪಿಜಿ ಹುಡುಗಿ
ಕಾಕಾ!! ಇದು ನಿಜಕ್ಕೂ ಒಳ್ಳೆ ತಲೆ. 1997ರಲ್ಲಿ ಡ್ರಕರ್ ತಂಡ ಆ ಕಿಣ್ವ ಹುಟ್ಟಿನಿಂದಲೇ ಇಲ್ಲದ ಇಲಿಗಳಲ್ಲಿ ಸಹಜ ಜಿಎಲ್‌ಪಿ-2 ಕೊಟ್ಟು ನೋಡಿತು, ಕರುಳು ಬೆಳೆಯಿತು. ಹಾಂ, ಮತ್ತೆ ಇಲಿ. ಆದರೆ ಗುಳಿಗೆ ಉಳಿಸುವುದು ದೇಹ ತಾನೇ ಬಿಟ್ಟಷ್ಟನ್ನು ಮಾತ್ರ. ಇಂಜೆಕ್ಷನ್ ಕೊಡುವ ಮಟ್ಟ ಅದಕ್ಕಿಂತ ಎಷ್ಟೋ ಜಾಸ್ತಿ. ಶುಗರ್ ಗುಳಿಗೆಗೆ ಈ ಕಾಯಿಲೆಗೆ ಅನುಮತಿ ಇಲ್ಲ.

ಕೊಪ್ಪಳದ ಕಾಕಾ
ಅನುಮತಿ ಬೇರೆ, ಕೆಲಸ ಮಾಡುವುದು ಬೇರೆ.

ರಾಯಚೂರು ಸಿಸ್ಟರ್
ಕಾಕಾ, ದಯವಿಟ್ಟು. ಇಲ್ಲಿ ಓದಿ ಯಾರಾದರೂ ಅಂಗಡಿಗೆ ಹೋಗಿ ಗುಳಿಗೆ ಕೇಳುತ್ತಾರೆ. ಮಾವನ ಡಾಕ್ಟರು ಹೇಳದೆ ಏನೂ ಬೇಡ.

ಗಂಗಾವತಿ ಗದ್ದೆ
ಗ್ಯಾಸ್ ಗುಳಿಗೆ ಕೊಟ್ಟಿರುತ್ತಾರಲ್ಲ, ಅದೂ ಹಾರ್ಮೋನಿಗೇನಾ? ನಮ್ಮ ಚಿಕ್ಕಪ್ಪನಿಗೂ ಕರುಳಿನ ಟಿಬಿಗೆ ಸ್ವಲ್ಪ ತೆಗೆದಾಗ ಕೊಟ್ಟಿದ್ದರು.

ಪಾಠದ ಮೇಷ್ಟ್ರು, ಬಳ್ಳಾರಿ
ಒಂದು ಲೆಕ್ಕದಲ್ಲಿ ಹೌದು. ಕರುಳು ಜಾಸ್ತಿ ಹೋದಾಗ ಮೊದಲ ತಿಂಗಳುಗಳಲ್ಲಿ ಗ್ಯಾಸ್ಟ್ರಿನ್ ಅನ್ನುವ ಹೊಟ್ಟೆಯ ಹಾರ್ಮೋನ್ ಏರುತ್ತದೆ, ಹೊಟ್ಟೆ ಆಮ್ಲ ಜಾಸ್ತಿ ಸುರಿಸುತ್ತದೆ. ಆ ಆಮ್ಲ ಕೆಳಗೆ ಬಂದು ಜೀರ್ಣರಸಗಳನ್ನು ಕೆಡಿಸುತ್ತದೆ. ಅದಕ್ಕೆ ಗುಳಿಗೆ. ಗ್ಯಾಸ್ಟ್ರಿನ್ ಕೂಡ ಬೆಳೆಸುವ ಹಾರ್ಮೋನೇ, ಆದರೆ ಅದರ ರಿಸೆಪ್ಟರ್ ಇರುವ ಕಡೆ, ಅಂದರೆ ಜಠರದ ಒಳಪದರವನ್ನು. ಸಣ್ಣ ಕರುಳಿಗೆ ಅದರಿಂದ ದೊಡ್ಡ ಲಾಭ ಇಲ್ಲ.

ಸಿಂಧನೂರಿನ ಅಳಿಯ
ಅತ್ತೆಗೆ ಸಿಸ್ಟರ್ ಬರೆದಿದ್ದನ್ನು ಓದಿ ಹೇಳಿದೆ. ಇವತ್ತು ಮೆತ್ತಗಿನ ಅನ್ನ, ಮೊಟ್ಟೆ ಕೊಟ್ಟರು. ಮಾವ ಓಡಿದರು, ಬಂದು ಇನ್ನೊಂದು ಸ್ವಲ್ಪ ಕೇಳಿದರು. ಸೋಮವಾರ ಬಿ12 ವಿಚಾರಿಸುತ್ತೇನೆ.

ಒಗ್ಗರಣೆ ಮಿರ್ಚಿ
ಮಾವನಿಗೆ ಮಿರ್ಚಿ ಯಾವಾಗ?

ರಾಯಚೂರು ಸಿಸ್ಟರ್
ನಿಮ್ಮ ಪಾಲಿನದನ್ನು ನೀವು ತಿನ್ನಿ ಅಣ್ಣ.

ಸಿರುಗುಪ್ಪ ತಾಯಿ
ನಡುವೆ ಬಂದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ತಂಗಿಯ ಕೂಸಿಗೆ ಹುಟ್ಟಿದ ಕೂಡಲೇ ಕರುಳು ತಿರುಚಿಕೊಂಡು ಆಪರೇಷನ್ ಆಗಿದೆ. ಇದೆಲ್ಲ ಕೂಸುಗಳಿಗೂ ಹೀಗೇನಾ?

ಪಿಜಿ ಹುಡುಗಿ
ಕೂಸುಗಳಿಗೆ ಇನ್ನೂ ವಾಸಿ ಅಕ್ಕ. ಒಳಪದರ ಹೊಂದಿಕೊಳ್ಳುವುದರ ಜೊತೆಗೆ ಅವರಲ್ಲಿ ಕರುಳಿನ ಉದ್ದವೂ ಬೆಳೆಯುತ್ತದೆ. ಆ ಇಂಜೆಕ್ಷನ್‌ಗೆ ಒಂದು ವರ್ಷ ದಾಟಿದ ಮಕ್ಕಳಿಗೂ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಕೊಟ್ಟಿದ್ದಾರೆ. ಎಷ್ಟು ಉಳಿದಿದೆ, ದೊಡ್ಡ ಕರುಳು ಇದೆಯಾ, ತಾಯಿ ಹಾಲು ಹೋಗುತ್ತಿದೆಯಾ ಇಷ್ಟು ಬರೆದು ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಕಾಕಾ ಗುಳಿಗೆ ಜಗಳ ಮುಗಿಯುವ ಹಾಗೆ ಕಾಣುವುದಿಲ್ಲ.